ಗಣಿಯ ಹುಳಿ ನೀರಿನ ವಿಷ ಎಲ್ಲಿತನಕಾ ಹೋಗ್ತೈತಿ?

ಬಂಗಾರದ ಗಣಿ ನೀರು ಹಳ್ಳಕ್ಕ ಬಿದ್ರ ಅದ್ರಾಗಿನ ವಿಷ ಪೂರಾ ಕೆರಿಗೆ ಬರ್ತೈತೇನು ಅಂತ ಕೇಳೀರಿ. ಎಲ್ಲಾ ಒಂದ ನಮೂನಿ ಹರಿಯಂಗಿಲ್ರಿ.

ನಮ್ಮ ಗದಗ ಕಡೆ ಕಪ್ಪತಗುಡ್ಡದಾಗ ಬಂಗಾರದ ಕಲ್ಲಿನ ಜೋಡಿ ಪೈರೈಟ್, ಆರ್ಸೆನೋಪೈರೈಟ್ ಅನ್ನೋ ಗಂಧಕದ ಖನಿಜನೂ ಅದಾವ. ನೆಲದೊಳಗ ಇರೋತನಕಾ ಸುಮ್ನ ಇರ್ತಾವ, ಅಗದು ಹೊರಗ ಹಾಕಿದ್ರ ಗಾಳಿ ನೀರು ತಾಗಿ ಸಲ್ಫ್ಯೂರಿಕ್ ಆಸಿಡ್ ಹುಟ್ತೈತಿ, ಕೆಲವು ಬ್ಯಾಕ್ಟೀರಿಯಾ ಇದನ್ನ ಇನ್ನೂ ಜೋರ ಮಾಡ್ತಾವ, ಆ ಆಸಿಡ್ ಕಲ್ಲಾಗಿನ ಕಬ್ಬಿಣ, ತಾಮ್ರ, ಸತು, ಆರ್ಸೆನಿಕ್ ಕರಗಿಸ್ಕೊಂಡು ಹರಿತೈತಿ.

ಮುಂದ ಬ್ಯಾರೆ ನೀರು ಕೂಡಿ ಪಿಎಚ್ (ಹುಳಿ ಅಳಿಯೋ ಅಂಕಿ, ಏರಿದಷ್ಟು ಹುಳಿ ಕಡಿಮಿ) 3-4 ದಾಟಿದ್ರ ಕಬ್ಬಿಣ ಕೇಸರಿ ಬಣ್ಣದ ರಾಡಿ ಆಗಿ ಹಳ್ಳದ ಕಲ್ಲಿಗೆ ಹತ್ತತೈತಿ, ಆರ್ಸೆನಿಕ್, ಸೀಸ ಭಾಳಷ್ಟು ಅದಕ್ಕ ಅಂಟ್ಕೋತಾವ. ಸತು, ಕ್ಯಾಡ್ಮಿಯಂ ಮಾತ್ರ ನಿಂದ್ರಂಗಿಲ್ಲ, ದೂರ ಹೋಗ್ತಾವ, ಅದಕ್ಕ ನೀರು ತಿಳಿ ಐತಿ ಅಂತ ನಂಬಬ್ಯಾಡ್ರಿ.

ಎರಿ ಮಣ್ಣಿನ್ಯಾಗಿನ ಸುಣ್ಣದ ಹರಳು ಆಸಿಡ್ ಮುರಿತಾವ ಖರೆ, ಆದ್ರ ಪಿಎಚ್ ಭಾಳ ಏರಿದ್ರ ಆರ್ಸೆನಿಕ್ ರಾಡಿ ಬಿಟ್ಟು ಮತ್ತ ನೀರಿಗೆ ಬರ್ತೈತಿ. ಕೆರಿ ತಳದಾಗ ಆಕ್ಸಿಜನ್ ಖಾಲಿ ಆದ್ರೂ ಅದ ಹಣೆಬರಾ.

ಎಲ್ಲಾಕ್ಕಿಂತ ಕೆಟ್ಟದ್ದು ಮೊದಲನೇ ಮಳಿ. ಬ್ಯಾಸಗ್ಯಾಗ ಕಲ್ಲಿನ ಗುಡ್ಡಿ ಮ್ಯಾಲೆ ಒಣಗಿ ಕುಂತ ಆಸಿಡ್ ಉಪ್ಪು ಒಮ್ಮೆಲೆ ಕರಗಿ ಹಳ್ಳಕ್ಕ ಇಳಿತೈತಿ, ನೀರು ಟೆಸ್ಟ್ ಮಾಡಸೋದಿದ್ರ ಆವಾಗ ಮಾಡಸ್ರಿ.