ಅಡ್ಮಿಷನ್‌ಗೆ ಕರೆಯುವವರು ಬೇರೆ, ಆಮೇಲೆ ನೋಡಿಕೊಳ್ಳುವವರು ಬೇರೆ

ನೀವು ಕೇಳಿದ್ದು ಇಷ್ಟು. ಅಮೆರಿಕದ ಎರಡು ಯೂನಿವರ್ಸಿಟಿಗಳಲ್ಲಿ ಅಡ್ಮಿಷನ್ ಸಿಕ್ಕಿದೆ. ಒಂದು ಕಡೆ ಅಸಿಸ್ಟೆಂಟ್‌ಶಿಪ್ (ಪಾಠಕ್ಕೋ ಸಂಶೋಧನೆಗೋ ನೆರವಾಗಿ ಸಂಬಳ ಪಡೆಯುವ ಕೆಲಸ) ಜೊತೆಗೆ ಪಿಎಚ್‌ಡಿ, ಇನ್ನೊಂದು ಕಡೆ ಕೈಯಿಂದ ದುಡ್ಡು ಕಟ್ಟಿ ಓದುವ ಮಾಸ್ಟರ್ಸ್. ಎರಡನೆಯವರು ದಿನ ಬಿಟ್ಟು ದಿನ ಮೆಸೇಜ್ ಮಾಡುತ್ತಿದ್ದಾರೆ. ಮೊದಲನೆಯವರು ಒಂದು ಪತ್ರ ಕಳಿಸಿ ಸುಮ್ಮನಾಗಿದ್ದಾರೆ. ಇದರ ನಡುವೆ ಗ್ರಾಜುಯೇಟ್ ಸ್ಕೂಲ್, ಡಿಪಾರ್ಟ್‌ಮೆಂಟ್, ಇಂಟರ್‌ನ್ಯಾಷನಲ್ ಆಫೀಸ್ ಅಂತ ಮೂರು ಕಡೆಯಿಂದ ಮೇಲ್ ಬರುತ್ತಿದೆ. ಎರಡರಲ್ಲಿ ಯಾವುದನ್ನು ಆರಿಸಬೇಕು? ಯಾರನ್ನು ಏನು ಕೇಳಬೇಕು? ಅಲ್ಲಿಗೆ ಹೋದ ಮೇಲೆ ಕಷ್ಟ ಬಂದರೆ ಯಾರು ದಿಕ್ಕು?

ನಾನು ಇಲ್ಲಿಗೆ ಓದಲು ಬಂದವಳು, ಇಲ್ಲೇ ಉಳಿದೆ. ಈಗ ಒಂದು ಸರ್ಕಾರಿ ಯೂನಿವರ್ಸಿಟಿಯ ಡಿಪಾರ್ಟ್‌ಮೆಂಟಿನಲ್ಲಿ ಗ್ರಾಜುಯೇಟ್ ಕೋಆರ್ಡಿನೇಟರ್. ನಿಮ್ಮಂಥವರ ಅರ್ಜಿ, ಆಫರ್ ಪತ್ರ, ಸಂಬಳದ ಕಾಗದ, ಕೊನೆಗೆ ಡಿಗ್ರಿಯ ಫಾರ್ಮ್, ಎಲ್ಲವೂ ನನ್ನ ಮೇಜಿನ ಮೇಲಿಂದಲೇ ಹಾದು ಹೋಗುತ್ತವೆ. ಹಾಗಾಗಿ ಆಫೀಸಿನ ಒಳಗಿನಿಂದ ಇದು ಹೇಗೆ ಕಾಣುತ್ತದೆ ಅಂತ ಹೇಳಬಲ್ಲೆ.

ಮೊದಲು ಆ ಮೆಸೇಜ್‌ಗಳ ವಿಷಯ. ಅವನ್ನು ಕಳಿಸುವವರು ರಿಕ್ರೂಟ್‌ಮೆಂಟ್ ವಿಭಾಗದವರು. ಅವರ ಕೆಲಸ ಸೀಟು ತುಂಬಿಸುವುದು. ಸೀಟು ಕಾಯ್ದಿರಿಸಲು ನೀವು ಡೆಪಾಸಿಟ್ ಕಟ್ಟಿದ ದಿನವೇ ಅವರ ಲೆಕ್ಕದಲ್ಲಿ ನಿಮ್ಮ ಫೈಲ್ ಮುಗಿಯಿತು. ಅವರು ಕೆಟ್ಟವರು ಅಂತಲ್ಲ, ತಾಳ್ಮೆಯಿಂದ ಉತ್ತರ ಕೊಡುವವರೇ ಜಾಸ್ತಿ. ಆದರೆ ಅಸಿಸ್ಟೆಂಟ್‌ಶಿಪ್ ಸಿಗುತ್ತದಾ ಅಂತ ಕೇಳಿದರೆ "ಬಂದ ಮೇಲೆ ಪ್ರಯತ್ನ ಮಾಡಬಹುದು" ಅನ್ನುತ್ತಾರೆ. ಆ ಮಾತು ಸುಳ್ಳಲ್ಲ, ಪ್ರಯತ್ನ ಯಾರು ಬೇಕಾದರೂ ಮಾಡಬಹುದು. ಆ ದುಡ್ಡು ಮಾತ್ರ ಅವರ ಕೈಯಲ್ಲಿಲ್ಲ. ಅದು ಡಿಪಾರ್ಟ್‌ಮೆಂಟ್ ಕೈಯಲ್ಲಿ ಅಥವಾ ಪ್ರೊಫೆಸರ್‌ಗಳ ಗ್ರಾಂಟಿನಲ್ಲಿ ಇರುತ್ತದೆ, ಮತ್ತು ಸಾಮಾನ್ಯವಾಗಿ ಪಿಎಚ್‌ಡಿಯವರಿಗೇ ಮೊದಲು ಹೋಗುತ್ತದೆ. ಕೈಯಿಂದ ಕಟ್ಟಿ ಓದುವ ಮಾಸ್ಟರ್ಸ್ ಕೋರ್ಸು ಎಷ್ಟೋ ಯೂನಿವರ್ಸಿಟಿಗಳಿಗೆ ವರಮಾನದ ದಾರಿ. ಮೆಸೇಜ್ ಯಾಕೆ ಅಷ್ಟು ಬರುತ್ತಿದೆ ಅಂತ ಈಗ ಗೊತ್ತಾಯಿತಲ್ವಾ.

ಮಧ್ಯೆ ಯಾರಾದರೂ ಕನ್ಸಲ್ಟೆನ್ಸಿಯವರಿದ್ದರೆ ಇನ್ನೊಂದು ವಿಷಯ ತಿಳಿದಿರಲಿ. ಫೆಡರಲ್, ಅಂದರೆ ಇಲ್ಲಿನ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಹಾಯಧನದಲ್ಲಿ ಪಾಲುಗೊಳ್ಳುವ ಕಾಲೇಜುಗಳು ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ತಲೆಗಿಷ್ಟು ಅಂತ ಕಮಿಷನ್ ಕೊಡುವ ಹಾಗಿಲ್ಲ. 1992ರಲ್ಲಿ ಬಂದ ನಿಯಮ ಇದು. ಆದರೆ ಅದರಲ್ಲೇ ಒಂದು ಕಿಂಡಿ ಬಿಟ್ಟಿದ್ದಾರೆ. ಹೊರದೇಶದಲ್ಲಿರುವ, ಫೆಡರಲ್ ಸಹಾಯಕ್ಕೆ ಅರ್ಹತೆ ಇಲ್ಲದ ವಿದೇಶಿ ವಿದ್ಯಾರ್ಥಿಗಳಿಗೆ ಆ ನಿಷೇಧ ಅನ್ವಯಿಸುವುದಿಲ್ಲ. ಇಲ್ಲಿನ ಹುಡುಗನನ್ನು ಸೇರಿಸಿದರೆ ಕಮಿಷನ್ ಇಲ್ಲ, ನಿಮ್ಮನ್ನು ಸೇರಿಸಿದರೆ ಉಂಟು. ಕನ್ಸಲ್ಟೆನ್ಸಿಯವರನ್ನು ನೇರವಾಗಿ ಕೇಳಿ: ಈ ಯೂನಿವರ್ಸಿಟಿ ನಿಮಗೆ ದುಡ್ಡು ಕೊಡುತ್ತದಾ? ಕೊಡುತ್ತದೆ ಅಂದರೆ ತಪ್ಪೇನಿಲ್ಲ. ಅವರು ಹೇಳುವ ಹೊಗಳಿಕೆಗೆ ಎಷ್ಟು ತೂಕ ಕೊಡಬೇಕು ಅಂತ ನಿಮಗೆ ಗೊತ್ತಾಗುತ್ತದೆ, ಅಷ್ಟೇ.

"ಶುಕ್ರವಾರದೊಳಗೆ ಹೇಳಿ" ಅಂತ ಮಾಸ್ಟರ್ಸ್ ಕಡೆಯವರು ಒತ್ತಡ ಹಾಕುತ್ತಾರೆ ಅಂದಿದ್ದೀರಿ. ಹಣದ ನೆರವು ಇರುವ ಆಫರ್‌ಗಳಿಗೆ ಇಲ್ಲಿ ಏಪ್ರಿಲ್ 15 ಅನ್ನುವ ದಿನ ಇದೆ. ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಅನ್ನುವ ಸಂಸ್ಥೆಯ ಒಪ್ಪಂದ ಅದು. ಸಹಿ ಹಾಕಿದ ಯೂನಿವರ್ಸಿಟಿಗಳು ಫೆಲೋಶಿಪ್, ಅಸಿಸ್ಟೆಂಟ್‌ಶಿಪ್ ಆಫರ್‌ಗೆ ಆ ದಿನಕ್ಕಿಂತ ಮೊದಲು ಉತ್ತರ ಕೊಡಲೇಬೇಕು ಅಂತ ವಿದ್ಯಾರ್ಥಿಯನ್ನು ಒತ್ತಾಯಿಸುವ ಹಾಗಿಲ್ಲ. ಸಹಿ ಹಾಕಿದವರ ಪಟ್ಟಿ ಆ ಸಂಸ್ಥೆಯ ವೆಬ್‌ಸೈಟಿನಲ್ಲಿದೆ, ನಿಮ್ಮ ಪಿಎಚ್‌ಡಿ ಯೂನಿವರ್ಸಿಟಿಯ ಹೆಸರು ಇದೆಯಾ ನೋಡಿಕೊಳ್ಳಿ. ಆದರೆ ಹಣದ ನೆರವಿಲ್ಲದ ಮಾಸ್ಟರ್ಸ್ ಅಡ್ಮಿಷನ್‌ಗೆ ಈ ರಕ್ಷಣೆ ಇಲ್ಲ. ಅವರು ಯಾವ ದಿನ ಬೇಕಾದರೂ ಗಡುವು ಇಡಬಹುದು. ಡೆಪಾಸಿಟ್ ಕಟ್ಟುವ ಮುಂಚೆ ಅದು ವಾಪಸ್ ಬರುತ್ತದಾ ಅಂತ ಮೇಲ್‌ನಲ್ಲಿ ಕೇಳಿ. ಫೋನಿನಲ್ಲಿ ಬೇಡ.

ಮೊದಲನೆಯವರು ಯಾಕೆ ಸುಮ್ಮನಿದ್ದಾರೆ? ಪಿಎಚ್‌ಡಿ ಅಡ್ಮಿಷನ್ ನಡೆಸುವುದು ಡಿಪಾರ್ಟ್‌ಮೆಂಟಿನ ನಾಲ್ಕೈದು ಪ್ರೊಫೆಸರ್‌ಗಳ ಕಮಿಟಿ. ಅವರಿಗೆ ಅದು ಪಾಠ, ಸಂಶೋಧನೆಯ ನಡುವೆ ಬಂದು ಬೀಳುವ ಹೆಚ್ಚುವರಿ ಕೆಲಸ. ಪತ್ರ ಕಳಿಸಿದ ಮೇಲೆ ಅವರು ನಿಮ್ಮನ್ನು ಮರೆತಿಲ್ಲ, ನೀವೇ ಕೇಳಲಿ ಅಂತ ಬಿಟ್ಟಿದ್ದಾರೆ. ಕೇಳಿ. ನಿಮಗೆ ಸರಿಹೊಂದುವ ಪ್ರೊಫೆಸರ್ ಜೊತೆ ಅರ್ಧ ಗಂಟೆ ವಿಡಿಯೊ ಕಾಲ್ ಕೊಡಿಸಿ ಅನ್ನಿ. ಅದೇ ಲ್ಯಾಬಿನ ಇಬ್ಬರು ವಿದ್ಯಾರ್ಥಿಗಳ ಜೊತೆ ಬೇರೆಯಾಗಿ ಮಾತಾಡಿಸಿ ಅನ್ನಿ. ಪ್ರೊಫೆಸರ್ ಎದುರಿಗಿಲ್ಲದಾಗ ಆ ಹುಡುಗರು ಹೇಳುವುದೇ ನಿಜವಾದ ಮಾಹಿತಿ. ಇಲ್ಲಿ ಹೀಗೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೇಳದೆ ಬಂದವರನ್ನು ನೋಡಿ ನಮಗೇ ಆಶ್ಚರ್ಯವಾಗುತ್ತದೆ.

ಗ್ರಾಜುಯೇಟ್ ಸ್ಕೂಲ್ ಅನ್ನುವುದು ಸ್ಕೂಲೂ ಅಲ್ಲ, ಅಲ್ಲಿ ಪಾಠವೂ ನಡೆಯುವುದಿಲ್ಲ. ಬಹಳ ಕಡೆ ಅದೊಂದು ಆಡಳಿತದ ಆಫೀಸು, ಮೇಲೊಬ್ಬ ಡೀನ್. ಕಮಿಟಿ ಆರಿಸಿದ ಹೆಸರಿಗೆ ಅಧಿಕೃತ ಮುದ್ರೆ ಹಾಕುವುದು, ಗ್ರೇಡು ಕೆಳಗಿಳಿದರೆ ಎಚ್ಚರಿಕೆ ಪತ್ರ ಕಳಿಸುವುದು, ಕೊನೆಗೆ ಥೀಸಿಸ್‌ನ ಮಾರ್ಜಿನ್ ಸರಿಯಾಗಿದೆಯಾ ಅಂತ ನೋಡುವುದು, ಇವೆಲ್ಲ ಅವರದು. ಮಾರ್ಜಿನ್ ತಮಾಷೆಗೆ ಹೇಳಿದ್ದಲ್ಲ, ಅದಕ್ಕಾಗಿ ಥೀಸಿಸ್ ವಾಪಸ್ ಬರುತ್ತದೆ. ಸರಾಸರಿ ಗ್ರೇಡು (4ಕ್ಕೆ) 3.0ಕ್ಕಿಂತ ಕಡಿಮೆಯಾದರೆ ಪ್ರೊಬೇಷನ್, ಅಂದರೆ ಎಚ್ಚರಿಕೆಯ ಅವಧಿ, ಅನ್ನುವುದು ಹೆಚ್ಚಿನ ಕಡೆ ಇರುವ ನಿಯಮ. ದಿನನಿತ್ಯದ ಪ್ರಶ್ನೆಗೆ ಅವರಿಗೆ ಬರೆದರೆ "ನಿಮ್ಮ ಡಿಪಾರ್ಟ್‌ಮೆಂಟನ್ನು ಕೇಳಿ" ಅಂತ ಉತ್ತರ ಬರುತ್ತದೆ.

ಡಿಪಾರ್ಟ್‌ಮೆಂಟಿನಲ್ಲಿ ಇಬ್ಬರು ಮುಖ್ಯ. ಡೈರೆಕ್ಟರ್ ಆಫ್ ಗ್ರಾಜುಯೇಟ್ ಸ್ಟಡೀಸ್ ಅಂತ ಒಬ್ಬ ಪ್ರೊಫೆಸರ್ ಇರುತ್ತಾರೆ, ನಿರ್ಧಾರ ಅವರದು. ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಕೋಆರ್ಡಿನೇಟರ್ ಸಾಮಾನ್ಯವಾಗಿ ಬದಲಾಗುವುದಿಲ್ಲ. ಯಾವ ಫಾರ್ಮ್ ಯಾವಾಗ, ಯಾವ ಸಹಿ ಮೊದಲು, ಹಿಂದೆ ಇಂಥದ್ದೇ ಸಮಸ್ಯೆ ಬಂದಾಗ ಏನು ಮಾಡಿದರು, ಅವರಿಗೆ ಗೊತ್ತಿರುತ್ತದೆ. ನನ್ನ ಕೆಲಸವನ್ನು ನಾನೇ ದೊಡ್ಡದು ಮಾಡುತ್ತಿದ್ದೇನೆ ಅನ್ನಿಸಬಹುದು, ಇರಲಿ. ಬಂದ ವಾರವೇ ಹೋಗಿ ಪರಿಚಯ ಮಾಡಿಕೊಳ್ಳಿ.

ಈಗ ಆಫರ್ ಪತ್ರ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನಿಮ್ಮ ಐದು ವರ್ಷದ ಊಟ ವಸತಿ ಇದರ ಮೇಲೆ ನಿಂತಿದೆ. ಪತ್ರದಲ್ಲಿ ಸ್ಟೈಪೆಂಡ್ ಎಷ್ಟು ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ನೀವು ಹುಡುಕಬೇಕಾದದ್ದು ಉಳಿದದ್ದನ್ನು. ಆ ಮೊತ್ತ ಒಂಬತ್ತು ತಿಂಗಳಿಗಾ, ಹನ್ನೆರಡಕ್ಕಾ? ಒಂಬತ್ತಕ್ಕಾದರೆ ಬೇಸಿಗೆಯ ಮೂರು ತಿಂಗಳು ಏನು ಗತಿ? ಟ್ಯೂಷನ್ ಮನ್ನಾ ಅಂತ ಬರೆದಿದ್ದರೆ ಫೀಸೂ ಮನ್ನಾ ಅಂತ ಅಂದುಕೊಳ್ಳಬೇಡಿ. ಟ್ಯೂಷನ್ ಬೇರೆ, ಫೀಸು ಬೇರೆ. ಎರಡನೆಯದು ಪ್ರತಿ ಸೆಮಿಸ್ಟರ್ ನಿಮ್ಮ ಜೇಬಿನಿಂದ ಹೋಗಬಹುದು, ವಿದೇಶಿ ವಿದ್ಯಾರ್ಥಿಗಳಿಗೆ ಅಂತಲೇ ಒಂದು ಪ್ರತ್ಯೇಕ ಫೀಸು ಇರುವ ಕಡೆಯೂ ಇದೆ. ಹೆಲ್ತ್ ಇನ್ಶೂರೆನ್ಸ್ ಯಾರು ಕಟ್ಟುತ್ತಾರೆ? ಪೂರ್ತಿಯಾ, ಒಂದು ಪಾಲು ಮಾತ್ರವಾ? ನೆರವು ಎಷ್ಟು ವರ್ಷ? "ತೃಪ್ತಿಕರ ಪ್ರಗತಿ ಮತ್ತು ಹಣದ ಲಭ್ಯತೆಗೆ ಒಳಪಟ್ಟು" ಅನ್ನುವಂಥ ಸಾಲು ಹೆಚ್ಚಿನ ಪತ್ರಗಳಲ್ಲಿ ಇರುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿನ ಮಾತು ಅದು. ಅದಕ್ಕೆ ನೀವು ಕೇಳಬೇಕಾದ ಪ್ರಶ್ನೆ: ಪ್ರಗತಿ ಸರಿಯಾಗಿದ್ದೂ ಕಳೆದ ಐದು ವರ್ಷದಲ್ಲಿ ಯಾರಿಗಾದರೂ ನೆರವು ನಿಂತಿದೆಯಾ? ಒಳ್ಳೆಯ ಡಿಪಾರ್ಟ್‌ಮೆಂಟ್ ಇದಕ್ಕೆ ನೇರವಾಗಿ ಉತ್ತರಿಸುತ್ತದೆ. ಸುತ್ತಿಬಳಸಿ ಬರೆದರೆ ಅದೂ ಒಂದು ಉತ್ತರವೇ.

ನೀವು ಇಲ್ಲಿಗೆ ಬಂದ ದಿನವೇ ಮೊದಲ ಸಂಬಳ ಕೈಗೆ ಸಿಗುವುದಿಲ್ಲ. ಒಂದು ತಿಂಗಳೋ ಆರು ವಾರವೋ ಆಗಬಹುದು. ಮನೆ ಬಾಡಿಗೆ, ಅಡ್ವಾನ್ಸ್ ಎಲ್ಲಾ ಅದಕ್ಕೂ ಮೊದಲೇ ಬರುತ್ತವೆ. ಅಷ್ಟಕ್ಕೆ ದುಡ್ಡು ಹೊಂದಿಸಿಕೊಂಡೇ ಬನ್ನಿ. ಹೊಸಬರಿಗೆ ಸಣ್ಣ ಸಾಲವೋ ತುರ್ತು ನೆರವೋ ಇದೆಯಾ ಅಂತ ಕೋಆರ್ಡಿನೇಟರನ್ನು ಕೇಳಿ. ಎಷ್ಟೋ ಕಡೆ ಇರುತ್ತದೆ, ಆದರೆ ಕೇಳಿದವರಿಗೆ ಮಾತ್ರ ಹೇಳುತ್ತಾರೆ.

ಇಂಟರ್‌ನ್ಯಾಷನಲ್ ಆಫೀಸು ಇವೆಲ್ಲಕ್ಕಿಂತ ಬೇರೆ. ಅಲ್ಲಿ ಡಿಎಸ್‌ಒ (ಡೆಸಿಗ್ನೇಟೆಡ್ ಸ್ಕೂಲ್ ಆಫೀಷಿಯಲ್) ಅಂತ ಅಧಿಕಾರಿಗಳಿರುತ್ತಾರೆ. ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐ-20 ಅನ್ನುವ ಪತ್ರ ಕೊಡುವುದು ಅವರು. ಸೆವಿಸ್ ಅನ್ನುವ ಸರ್ಕಾರಿ ಡೇಟಾಬೇಸ್‌ನಲ್ಲಿ ನಿಮ್ಮ ದಾಖಲೆ ನೋಡಿಕೊಳ್ಳುವುದೂ ಅವರೇ. ವೀಸಾ ನಿಯಮದ ಬಗ್ಗೆ ಅವರ ಮಾತೇ ಮಾತು. ಪ್ರೊಫೆಸರ್ ಎಷ್ಟೇ ದೊಡ್ಡವರಾಗಲಿ, ಈ ವಿಷಯದಲ್ಲಿ ಅವರನ್ನು ನಂಬಬೇಡಿ. ಅಕ್ಟೋಬರ್‌ನಲ್ಲಿ ಒಂದು ಕೋರ್ಸ್ ಕಷ್ಟವಾಗುತ್ತದೆ, ಪ್ರೊಫೆಸರ್ ಪ್ರೀತಿಯಿಂದಲೇ "ಡ್ರಾಪ್ ಮಾಡಿಬಿಡು" ಅನ್ನುತ್ತಾರೆ. ಇಲ್ಲಿನ ವಿದ್ಯಾರ್ಥಿಗೆ ಅದು ಸರಿಯಾದ ಸಲಹೆ. ಆದರೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರು ಪೂರ್ಣಾವಧಿ ವಿದ್ಯಾರ್ಥಿಯಾಗಿರಲೇಬೇಕು, ಬಹಳ ಕಡೆ ಅದು ಸೆಮಿಸ್ಟರಿಗೆ 9 ಕ್ರೆಡಿಟ್. ಕೆಳಗಿಳಿಯಬೇಕಾದರೆ ಡಿಎಸ್‌ಒ ಅನುಮತಿ ಮೊದಲು, ಡ್ರಾಪ್ ಆಮೇಲೆ. ಉಲ್ಟಾ ಆದರೆ ನಿಮ್ಮ ಸ್ಟೇಟಸ್ಸಿಗೇ ಕುತ್ತು. ಕಾಯಿಲೆ ಕಾರಣವಾದರೆ ಒಂದು ಡಿಗ್ರಿ ಮಟ್ಟದಲ್ಲಿ ಒಟ್ಟು 12 ತಿಂಗಳವರೆಗೆ ಕಡಿಮೆ ಕೋರ್ಸ್ ತೆಗೆದುಕೊಳ್ಳಬಹುದು, ಅದಕ್ಕೆ ಡಾಕ್ಟರ್ ಅಥವಾ ಲೈಸೆನ್ಸ್ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಪತ್ರ ಬೇಕು. ಮನಸ್ಸಿನ ಕಾಯಿಲೆಯೂ ಇದರಲ್ಲಿ ಸೇರುತ್ತದೆ. ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು ಬಲೆ ಕೆಲಸದ ಗಂಟೆಗಳದ್ದು. ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ. ನಿಮ್ಮ ಅಸಿಸ್ಟೆಂಟ್‌ಶಿಪ್ ಸಾಮಾನ್ಯವಾಗಿ ಅಷ್ಟನ್ನೂ ತಿಂದುಬಿಡುತ್ತದೆ. ಅದರ ಮೇಲೆ ಲೈಬ್ರರಿಯಲ್ಲಿ ನಾಲ್ಕು ಗಂಟೆ ಸೇರಿಸಿದರೂ ನಿಯಮ ಮುರಿದ ಹಾಗೆ. ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗೆ ಕೆಲಸ ಮಾಡುವ ಮಾತು ಬೇಡವೇ ಬೇಡ, ಕೈಗೆ ನಗದು ಕೊಡುತ್ತೇನೆ ಅಂದರೂ ಸರಿ. ಮನೆ ಬದಲಾಯಿಸಿದರೆ 10 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು. ವಲಸೆ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಸೀನಿಯರ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಬಂದದ್ದನ್ನು ಡಿಎಸ್‌ಒ ಹತ್ತಿರ ಒಮ್ಮೆ ಕೇಳಿಯೇ ನಂಬಿ. ಮೂರು ವರ್ಷದ ಹಿಂದಿನ ಉತ್ತರಗಳು ಅಲ್ಲಿ ಇನ್ನೂ ಓಡಾಡುತ್ತಿರುತ್ತವೆ.

ಟ್ಯಾಕ್ಸ್ ಬಗ್ಗೆ ಎರಡೇ ಮಾತು. ಮೊದಲ ಐದು ಕ್ಯಾಲೆಂಡರ್ ವರ್ಷ ಎಫ್-1 ವಿದ್ಯಾರ್ಥಿಗಳ ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ (ಪಿಂಚಣಿ ಮತ್ತು ವೃದ್ಧರ ಆರೋಗ್ಯ ವಿಮೆಯ ತೆರಿಗೆ) ಕಡಿತ ಸಾಮಾನ್ಯವಾಗಿ ಆಗಬಾರದು, ಪೇ ಸ್ಲಿಪ್ ನೋಡಿಕೊಳ್ಳಿ. ಭಾರತ-ಅಮೆರಿಕ ತೆರಿಗೆ ಒಪ್ಪಂದದಿಂದ ಭಾರತದ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಲ್ಲಿ ಒಂದು ನಿಗದಿತ ಮೊತ್ತಕ್ಕೆ ತೆರಿಗೆ ವಿನಾಯಿತಿ) ಸಿಗುತ್ತದೆ, ಬೇರೆ ದೇಶದ ನಿಮ್ಮ ಗೆಳೆಯರಿಗೆ ಸಾಮಾನ್ಯವಾಗಿ ಇದು ಇಲ್ಲ. ಅವರ ಫಾರ್ಮ್ ನೋಡಿ ನಕಲು ಮಾಡಬೇಡಿ.

"ಕಷ್ಟ ಬಂದರೆ ಯಾರು ದಿಕ್ಕು" ಅಂತ ಕೇಳಿದ್ದಿರಿ. ಇಲ್ಲಿ ಹುಡುಗರಿಗೆ ಬರುವ ದೊಡ್ಡ ಕಷ್ಟ ಓದಿನದ್ದಲ್ಲ, ಅಡ್ವೈಸರ್, ಅಂದರೆ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಪ್ರೊಫೆಸರ್ ಜೊತೆಗಿನದ್ದು. ಮಾತು ನಿಂತುಹೋಗುತ್ತದೆ, ಅಥವಾ ವಾರಕ್ಕೆ 60 ಗಂಟೆ ಲ್ಯಾಬಿನಲ್ಲಿರು ಅನ್ನುತ್ತಾರೆ. ವೀಸಾ, ಸಂಬಳ, ಡಿಗ್ರಿ ಮೂರೂ ಒಬ್ಬರ ಕೈಯಲ್ಲಿದೆ ಅನ್ನುವ ಭಯದಿಂದ ನಮ್ಮವರು ಬಾಯಿ ಬಿಡುವುದಿಲ್ಲ. ಆ ಭಯ ಅರ್ಧ ಮಾತ್ರ ನಿಜ. ನಿಮ್ಮ ವೀಸಾ ದಾಖಲೆ ಅಡ್ವೈಸರ್ ಕೈಯಲ್ಲಿಲ್ಲ, ಇಂಟರ್‌ನ್ಯಾಷನಲ್ ಆಫೀಸಿನಲ್ಲಿದೆ. ಅಡ್ವೈಸರ್ ಬದಲಾಯಿಸಲು ಹೆಚ್ಚಿನ ಡಿಪಾರ್ಟ್‌ಮೆಂಟುಗಳಲ್ಲಿ ದಾರಿ ಇದೆ. ಎರಡನೆಯ ವರ್ಷದಲ್ಲಿ ಬಂದು ಹೇಳಿದರೆ ನಾವು ಏನಾದರೂ ಮಾಡಬಹುದು. ಐದನೆಯ ವರ್ಷದಲ್ಲಿ ಅಳುತ್ತಾ ಬಂದರೆ ಕೈಯಲ್ಲಿ ಉಳಿದಿರುವುದು ಕಡಿಮೆ.

ಡಿಪಾರ್ಟ್‌ಮೆಂಟಿನಲ್ಲಿ ಯಾರಿಗೂ ಹೇಳಲಾಗದಿದ್ದರೆ ಎಷ್ಟೋ ಯೂನಿವರ್ಸಿಟಿಗಳಲ್ಲಿ ಆಂಬಡ್ಸ್ ಆಫೀಸ್ ಇದೆ. ಅವರು ಯಾರ ಪರವೂ ಅಲ್ಲ, ನೀವು ಹೇಳಿದ್ದು ಸಾಮಾನ್ಯವಾಗಿ ಗುಟ್ಟಾಗಿರುತ್ತದೆ. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ, ಯಾವ ಬಾಗಿಲು ತಟ್ಟಬೇಕು ಅಂತ ಹೇಳುತ್ತಾರೆ. ಕೌನ್ಸೆಲಿಂಗ್ ಸೆಂಟರ್ ಕೂಡ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಕೆಲವೇ ಭೇಟಿಗಳು, ಆಮೇಲೆ ಹೊರಗಿನವರ ಹತ್ತಿರ ಕಳಿಸುತ್ತಾರೆ, ಆಗ ಇನ್ಶೂರೆನ್ಸ್ ಕೆಲಸಕ್ಕೆ ಬರುತ್ತದೆ.

ನಿಮ್ಮ ತಂದೆಯವರಿಗೂ ಒಂದು ಮಾತು ಹೇಳಿಬಿಡಿ. 1974ರ ಫರ್ಪಾ ಕಾನೂನಿನ ಪ್ರಕಾರ ನಿಮ್ಮ ಗ್ರೇಡು, ದಾಖಲೆಗಳ ಮೇಲಿನ ಹಕ್ಕು ನಿಮ್ಮದು. ಅಪ್ಪ ಅಮ್ಮ ಮೇಲ್ ಮಾಡಿ "ಮಗ ಹೇಗೆ ಓದುತ್ತಿದ್ದಾನೆ" ಅಂತ ಕೇಳಿದರೆ, ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ನಾವು ಹೇಳುವ ಹಾಗಿಲ್ಲ. ಇಂಥ ಮೇಲ್‌ಗಳು ಬರುತ್ತವೆ. ಉತ್ತರ ಬರಲಿಲ್ಲ ಅಂತ ಅವರು ಗಾಬರಿಯಾಗುತ್ತಾರೆ, ನಮಗೂ ಸಂಕಟ.

ಎರಡರಲ್ಲಿ ಯಾವುದು ಅಂತ ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಸಂಶೋಧನೆಯಲ್ಲಿ ನಿಜವಾಗಿ ಆಸಕ್ತಿ ಇದ್ದರೆ ನೆರವಿರುವ ಪಿಎಚ್‌ಡಿ. ಇಲ್ಲಿ ಕಂಪನಿ ಕೆಲಸಕ್ಕೆ ಸೇರುವುದೇ ಗುರಿಯಾಗಿದ್ದರೆ, ಬರೀ ದುಡ್ಡು ಉಳಿಯುತ್ತದೆ ಅಂತ ಐದಾರು ವರ್ಷದ ಪಿಎಚ್‌ಡಿಗೆ ಕೈ ಹಾಕಬೇಡಿ. ಹಾಗಂತ ಮಾಸ್ಟರ್ಸ್‌ಗೆ ದೊಡ್ಡ ಸಾಲ ಮಾಡುವ ಮುಂಚೆ ಒಂದು ಪ್ರಶ್ನೆ ಕಳಿಸಿ: ಹೋದ ವರ್ಷ ಈ ಕೋರ್ಸ್ ಮುಗಿಸಿದ ವಿದೇಶಿ ವಿದ್ಯಾರ್ಥಿಗಳಲ್ಲಿ ಎಷ್ಟು ಜನಕ್ಕೆ, ಯಾವ ಕೆಲಸ ಸಿಕ್ಕಿದೆ? ಒಟ್ಟು ವಿದ್ಯಾರ್ಥಿಗಳ ಲೆಕ್ಕ ಕೊಟ್ಟರೆ ಒಪ್ಪಬೇಡಿ, ವಿದೇಶಿಯರದ್ದೇ ಬೇರೆಯಾಗಿ ಕೇಳಿ. ದಿನ ಬಿಟ್ಟು ದಿನ ಮೆಸೇಜ್ ಮಾಡುವವರು ಇದಕ್ಕೆ ಎಷ್ಟು ದಿನ ತೆಗೆದುಕೊಳ್ಳುತ್ತಾರೆ ನೋಡಿ.

ಪಿಎಚ್‌ಡಿ ಪತ್ರವನ್ನು ಹೆಸರು ಅಳಿಸಿ ಇಲ್ಲಿ ಹಾಕಿದರೆ ಫೀಸು ಮತ್ತು ಬೇಸಿಗೆಯ ಸಾಲುಗಳನ್ನು ನಾನೂ ಓದಿ ಹೇಳುತ್ತೇನೆ.