‘ಬೇಡ’ ಯಾವ ಭಾಷೆಯಲ್ಲಿ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯ ಒಂಬತ್ತನೇ ತರಗತಿ ಹುಡುಗ. ಬಟ್ಟೆ ಒಗೆಯುವಾಗ ಪ್ಯಾಂಟಿನ ಕಿಸೆಯಲ್ಲಿ ತಂಬಾಕಿನ ಪೊಟ್ಟಣ ಸಿಕ್ಕಿತೆಂದು ತಾಯಿ ನನ್ನ ಬಳಿಗೆ ಕರೆತಂದಿದ್ದರು. “ಸ್ವಲ್ಪ ಬುದ್ಧಿ ಹೇಳಿ ಟೀಚರ್.”

ಬುದ್ಧಿ ಹೇಳಲು ಏನೂ ಉಳಿದಿರಲಿಲ್ಲ. ಬಾಯಿ ಕ್ಯಾನ್ಸರಿನ ಚಿತ್ರ ನೋಡಿದ್ದಾನೆ. ಕೇರಳದಲ್ಲಿ 2012ರಿಂದ ಗುಟ್ಕಾ ನಿಷೇಧವಾದದ್ದೂ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹೆಸರಿಸಿದ ಹತ್ತು ಜೀವನ ಕೌಶಲಗಳನ್ನು (ನಿರ್ಧಾರ ಮಾಡುವುದು, ಒತ್ತಡ ನಿಭಾಯಿಸುವುದು, ಇಂಥವು) ಒಂದೂ ಬಿಡದೆ ಒಪ್ಪಿಸಿದ. ಆ ಪಾಠ ಮಾಡಿದವಳು ನಾನೇ.

“ಮತ್ತೆ ಯಾಕೆ ತೆಗೊಂಡೆ?”

“ಬೇಡ ಹೇಳ್ಲಿಕ್ಕೆ ಗೊತ್ತುಂಟು ಟೀಚರ್. ಅಲ್ಲಿ ಬಾಯಿಗೆ ಬರುದಿಲ್ಲ.”

‘ಅಲ್ಲಿ’ ಅಂದರೆ ಸಂಜೆ ಫುಟ್‌ಬಾಲ್ ಆಡುವ ಮೈದಾನ. ಕೊಡುವವರು ದೊಡ್ಡ ಹುಡುಗರು, ಮಾತೆಲ್ಲ ಮಲಯಾಳದಲ್ಲಿ. ಇವನಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮಲಯಾಳ ಅರ್ಥವಾಗುತ್ತದೆ, ಆಡಿದರೆ ನಗುತ್ತಾರೆಂಬ ಅಳುಕು. ನಾನು ತರಗತಿಯಲ್ಲಿ ಹೇಳಿಕೊಟ್ಟದ್ದು ‘ಕ್ಷಮಿಸಿ, ನನಗೆ ಆಸಕ್ತಿ ಇಲ್ಲ’! ಯಾವ ಮೈದಾನದಲ್ಲಿ ಯಾರು ಹಾಗೆ ಮಾತಾಡುತ್ತಾರೆ?

ಉಪದೇಶ ಬಿಟ್ಟು ಅಭ್ಯಾಸ ಹಿಡಿದೆವು. ನಾನು ಪೊಟ್ಟಣ ಚಾಚುವ ‘ಚೇಟ್ಟ’, ಅಂದರೆ ಮಲಯಾಳದ ಅಣ್ಣನಾದೆ. ಅವನು ‘ನನಗೆ ಬೇಡ’ ಎನ್ನಬೇಕು. ಮೊದಲು ತುಳುವಿನಲ್ಲಿ, “ಎಂಕ್ ಬೊಡ್ಚಿ.” ಆಮೇಲೆ ಮಲಯಾಳದಲ್ಲಿ, “ಎನಕ್ಕ್ ಬೇಂಡ.” ಕಾರಣ ಕೊಡಬೇಡ, ಕೊಟ್ಟರೆ ಅವರು ವಾದಕ್ಕೆ ಇಳಿಯುತ್ತಾರೆ, ಹೇಳಿದವನೇ ಚೆಂಡಿನ ಕಡೆ ನಡೆ, ನಿಂತು ಅವರ ಮುಖ ನೋಡಬೇಡ ಎಂದೆ. ಏಳೆಂಟು ಸಲ ಆದಮೇಲೆ ದನಿ ಸ್ವಲ್ಪ ಗಟ್ಟಿಯಾಯಿತು. ಮೈದಾನಕ್ಕೆ ಒಬ್ಬನೇ ಹೋಗದೆ ಜೊತೆಗೊಬ್ಬ ಗೆಳೆಯನನ್ನು ಕರೆದುಕೊಂಡು ಹೋಗು ಎಂದೂ ಹೇಳಿದೆ.

ತಾಯಿಗೆ ಹೇಳಿದ್ದು ಬೇರೆ. ಹೊಡೆಯಬೇಡಿ, ದಿನಾ ಕಿಸೆ ತಡಕಬೇಡಿ. ತಪ್ಪಿದ ದಿನ ಅವನೇ ಬಂದು ಹೇಳಿದರೆ ಕೂಗಾಡಬೇಡಿ. ಅಪ್ಪ ಜಗಲಿಯಲ್ಲಿ ಕೂತು ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸುವುದರ ಬಗ್ಗೆ ನಿಧಾನವಾಗಿ ಕೇಳಿದೆ. “ಅದು ಎಲ್ಲರ ಮನೇಲೂ ಉಂಟಲ್ಲ” ಎಂದರು. ನಿಜವೇ. ಅಡಿಕೆಯಿಂದ ಅನ್ನ ಉಣ್ಣುವ ನಮ್ಮೂರಲ್ಲಿ ಹರಿವಾಣದ ಹೊಗೆಸೊಪ್ಪನ್ನು ಯಾರೂ ತಂಬಾಕು ಎನ್ನುವುದಿಲ್ಲ. ಮುಂದಿನ ಸಲ ಅವನ ಅಪ್ಪನನ್ನೂ ಕರೆತನ್ನಿ ಎಂದೆ. ಇನ್ನೂ ಬಂದಿಲ್ಲ.

ಮೂರು ವಾರದಲ್ಲಿ ಹುಡುಗ ಒಮ್ಮೆ ತಪ್ಪಿದ, ಅಮ್ಮನಿಗೆ ತಾನೇ ಹೇಳಿದ. ಮೊನ್ನೆ ಬಾಗಿಲಲ್ಲೇ ನಿಂತು ವರದಿ ಕೊಟ್ಟ: “‘ಬೇಂಡ’ ಹೇಳಿದೆ ಟೀಚರ್. ನನ್ನ ಮಲಯಾಳ ಕೇಳಿ ಎಲ್ಲ ನಗಾಡಿದ್ರು. ಮತ್ತೆ ಚೆಂಡು ಪಾಸ್ ಮಾಡಿದ್ರು.”