ಸಂಪಾದಕರ ಉತ್ತರ: ಕಳವಿನ ಸುದ್ದಿಯಲ್ಲಿ ಜನಾಂಗದ ಹೆಸರೇಕೆ?

ಮಾನ್ಯ ಓದುಗರೇ,

ಹಕ್ಕಿಪಿಕ್ಕಿ ಬುಡಕಟ್ಟಿನವರಾದ ನೀವು ಬೇಲೂರು ತಾಲ್ಲೂಕಿನಿಂದ ಬರೆದ ಪತ್ರ ನಮ್ಮ ಹಾಸನದ ಕಚೇರಿಗೆ ತಲುಪಿದೆ. ಜಾತ್ರೆಯಲ್ಲಿ ಸರ ಕದ್ದ ಆರೋಪದ ಸುದ್ದಿಗೆ ಕಳೆದ ಸಂಚಿಕೆಯಲ್ಲಿ ‘ಹಕ್ಕಿಪಿಕ್ಕಿ ಜನಾಂಗದ ಇಬ್ಬರ ಸೆರೆ’ ಎಂದು ತಲೆಬರಹ ಕೊಟ್ಟದ್ದನ್ನು ಆಕ್ಷೇಪಿಸಿ, ಅದೇ ಪುಟದ ಕೆಳಗಿದ್ದ ಸಹಕಾರ ಸಂಘದ ಹಣ ದುರುಪಯೋಗದ ಸುದ್ದಿಯಲ್ಲಿ ಆರೋಪಿಯ ಜಾತಿಯನ್ನು ಏಕೆ ಬರೆಯಲಿಲ್ಲವೆಂದು ಕೇಳಿದ್ದೀರಿ. ಇದಕ್ಕೆ ನಮ್ಮಲ್ಲಿ ಸಮಜಾಯಿಷಿ ಇಲ್ಲ, ತಪ್ಪು ನಮ್ಮದು.

ನಮಗೆ ಬಂದ ಪ್ರಕಟಣೆಯಲ್ಲೇ ಜನಾಂಗದ ಹೆಸರಿತ್ತು ಎಂಬುದು ನೆಪವಾಗದು. ಕರಡಚ್ಚನ್ನು ತೆಗೆಸಿ ನೋಡಿದೆ. ಎರಡು ಕಾಗುಣಿತದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಲಾಗಿದೆ, ಜನಾಂಗದ ಹೆಸರನ್ನು ಮುಟ್ಟಿಲ್ಲ. ಆ ಕೆಂಪು ಶಾಯಿ ನನ್ನದೇ.

ಹೀನಾಯವೆನಿಸುವ ಸಂದರ್ಭದಲ್ಲಿ ಜಾತಿಯನ್ನು ಗುರುತಿಸಿ ಬರೆಯಬಾರದೆಂದು ಭಾರತೀಯ ಪತ್ರಿಕಾ ಮಂಡಳಿಯ ನಡಾವಳಿ ಸೂತ್ರಗಳು ಹೇಳುತ್ತವೆ. ಆದರೆ 1978ರ ಕಾಯ್ದೆಯಂತೆ ಮಂಡಳಿ ಎಚ್ಚರಿಸಬಹುದು, ಛೀಮಾರಿ ಹಾಕಬಹುದು, ದಂಡ ವಿಧಿಸಲಾಗದು. ಆದ್ದರಿಂದ ಎಲ್ಲವೂ ಕರಡು ತಿದ್ದುವವರ ಕಣ್ಣಿನ ಮೇಲೆ ನಿಂತಿರುತ್ತದೆ. ಇಡೀ ಸಮುದಾಯಗಳನ್ನೇ ಹುಟ್ಟುಅಪರಾಧಿಗಳೆಂದು ಪಟ್ಟಿ ಮಾಡಿದ, 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ, ಮುಂದೆ ಬೇರೆ ರೂಪ ತಾಳಿ, 1952ರಲ್ಲೇ ರದ್ದಾಯಿತಾದರೂ, ನಮ್ಮ ಆ ತಲೆಬರಹ ಹೇಳಿದ್ದು ಆ ಕಾಯ್ದೆಯ ಮಾತನ್ನೇ. ಜೈಲುಗಳಲ್ಲಿನ ಜಾತಿ ತಾರತಮ್ಯದ ಬಗ್ಗೆ ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಕೈದಿಗಳ ದಾಖಲೆ ಪುಸ್ತಕದಿಂದ ಜಾತಿಯ ಕಾಲಂ ತೆಗೆಯಲು ಆದೇಶಿಸಿತು. ಜೈಲಿನ ಪುಸ್ತಕದಲ್ಲೇ ಇರಬಾರದ್ದು ಪತ್ರಿಕೆಯ ತಲೆಬರಹದಲ್ಲಿತ್ತು.

ಇನ್ನು ಮುಂದೆ ಯಾವ ಸುದ್ದಿಯಲ್ಲೂ ಸಮುದಾಯದ ಹೆಸರು ಬರಲೇಬಾರದೆಂಬ ನಿಮ್ಮ ಸಲಹೆಯನ್ನು ಮಾತ್ರ ಒಪ್ಪಲಾರೆ. ಜಾತಿ ಪ್ರಮಾಣಪತ್ರಕ್ಕಾಗಿ ಅಲೆದಾಟ, ಅರಣ್ಯ ಹಕ್ಕಿನ ಅರ್ಜಿ, ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣ, ಇವುಗಳಲ್ಲಿ ಹೆಸರನ್ನು ಬಿಟ್ಟರೆ ಅನ್ಯಾಯದ ಕಾರಣವೇ ಸುದ್ದಿಯಿಂದ ಮಾಯವಾಗುತ್ತದೆ. ಮೂಡಿಗೆರೆ, ಕೊಪ್ಪ ಕಡೆಯ ಹಸಲರು ಎಂಬ ಬುಡಕಟ್ಟಿನವರ ಕೇರಿಗೆ ರಸ್ತೆಯಿಲ್ಲ ಎನ್ನುವಾಗ ‘ಕೆಲವು ಕುಟುಂಬಗಳು’ ಎಂದು ಬರೆದು ಕೈತೊಳೆದುಕೊಳ್ಳುವುದೂ ಒಂದು ಬಗೆಯ ಅಳಿಸಾಟವೇ. ಘಟನೆ ನಡೆದದ್ದೇ ಆ ಗುರುತಿನ ಕಾರಣಕ್ಕೆ ಎಂದಾದರೆ ಹೆಸರಿರಲಿ, ಇಲ್ಲವಾದರೆ ಬೇಡ.

ನಿಮ್ಮ ಪತ್ರದ ಕೊನೆಯ ಮಾತು ಹೆಚ್ಚು ಚುಚ್ಚಿತು: ‘ನಿಮ್ಮ ಪತ್ರಿಕೆಯಲ್ಲಿ ನಾವು ಒಂದೋ ಕಳ್ಳರು, ಇಲ್ಲವೇ ಚಿತ್ರ.’ ಕಚೇರಿಯ ಕಂಪ್ಯೂಟರಿನಲ್ಲಿ ನಿಮ್ಮ ಜನಾಂಗದ ಹೆಸರಿನ ಫೋಲ್ಡರ್ ತೆರೆದರೆ ಇರುವುದು ಮೆರವಣಿಗೆಯ ವೇಷ ಮತ್ತು ಜಾತ್ರೆಯಲ್ಲಿ ಮಣಿಸರ ಹರಡಿ ಕುಳಿತ ಹೆಂಗಸರು, ಅಷ್ಟೇ. 2023ರ ಏಪ್ರಿಲ್‌ನಲ್ಲಿ ಸುಡಾನಿನ ಕಾಳಗದ ನಡುವೆ ಕರ್ನಾಟಕದ ಹಕ್ಕಿಪಿಕ್ಕಿಗಳು ಸಿಕ್ಕಿಕೊಂಡಾಗಲೂ, ಗಿಡಮೂಲಿಕೆ ಮತ್ತು ಎಣ್ಣೆ ಮಾರಲು ಸಮುದ್ರ ದಾಟಿದ ಅವರನ್ನು ‘ವ್ಯಾಪಾರಿಗಳು’ ಎಂದು ಬರೆಯಲು ನಮಗೆ ತೋಚಲಿಲ್ಲ, ‘ಬುಡಕಟ್ಟಿನವರು’ ಎಂದೆವು. ಬೇರೆ ಊರಿನ ಸೆಟ್ಟರು ಹೋಗಿದ್ದರೆ ಹಾಗೆ ಬರೆಯುತ್ತಿದ್ದೆವೇ?

ನಮ್ಮ ಸಂಪಾದಕೀಯ ಬಳಗದಲ್ಲಿ ನಿಮ್ಮ ಮನೆಮಾತಾದ ವಾಗ್ರಿ ತಿಳಿದವರು ಒಬ್ಬರೂ ಇಲ್ಲ. ನಿಮ್ಮ ಕಾಲೊನಿಯ ವ್ಯಾಪಾರ, ಪಾಸ್‌ಪೋರ್ಟ್ ಪಾಡು, ಮಕ್ಕಳ ಶಾಲೆ, ಯಾವುದರ ಬಗ್ಗೆಯಾದರೂ ನೀವೇ ಬರೆಯಿರಿ. ಉಳಿದ ಲೇಖಕರಿಗೆ ಕೊಡುವ ಸಂಭಾವನೆಯನ್ನೇ ನಿಮಗೂ ಕೊಡುತ್ತೇವೆ, ತಿದ್ದಿದ ಪ್ರತಿಯನ್ನು ಅಚ್ಚಿಗೆ ಮುನ್ನ ನಿಮಗೆ ತೋರಿಸುತ್ತೇವೆ. ತಿದ್ದುಪಡಿಯನ್ನು ಈ ಸಂಚಿಕೆಯಲ್ಲಿ, ಹಿಂದಿನ ಸುದ್ದಿಯಿದ್ದ ಜಾಗದಲ್ಲೇ, ಅದೇ ಅಕ್ಷರ ಗಾತ್ರದಲ್ಲಿ ಹಾಕಿದ್ದೇವೆ.

— ಸಂಪಾದಕ